ಜಾತ್ರೆಯ ಹೊಣೆ

ಗ್ರಾಮದೇವತೆಯ ಉತ್ಸವವು ಅರಸನ ಅಪ್ಪಣೆಯಿಂದ ಹುಟ್ಟಿದುದಲ್ಲ. ಊರಿನ ಒಮ್ಮತದಿಂದ ಹುಟ್ಟಿದುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಕೊಂಡಕ್ಕೆ ಸೌದೆ ಒಟ್ಟುವವರು, ತೇರಿನ ಗಾಲಿಗೆ ಮರದ ತಡೆ ಕೊಡುವವರು, ಪಂಜು ಹಿಡಿಯುವವರು ಎಂದು ಒಂದೊಂದು ಮನೆತನಕ್ಕೆ ಒಂದೊಂದು ಕಾರ್ಯವು ಪರಂಪರೆಯಿಂದ ಬಂದಿರುವುದುಂಟು. ಇದನ್ನು ಕೇವಲ ಮರ್ಯಾದೆಯ ಹಂಚಿಕೆಯೆಂದು ಭಾವಿಸುವವರು ಬಹುಮಂದಿ. ಪರ್ಯಾಲೋಚಿಸಿ ನೋಡಿದರೆ, ಇದು ಹೊಣೆಯ ಹಂಚಿಕೆಯೂ ಹೌದೆಂಬುದು ವಿಶದವಾಗುವುದು. ಕೆಂಡದಲ್ಲಿ ಬೇಯದ ಕೊಳ್ಳಿ ಉಳಿದರೆ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ತಿಳಿದಿರುತ್ತಿತ್ತು.

ಆದರೆ ಹರಕೆಯ ಹೆಸರಿನಲ್ಲಿ ಜನರು ತಾವಾಗಿಯೇ ವರಿಸುತ್ತಿದ್ದ ಅಪಾಯವೂ ಒಂದಿತ್ತು. ಅದೇ ಸಿಡಿ. ಎತ್ತರವಾದ ಕಂಬದ ಮೇಲಣ ತೊಲೆಗೆ ಹರಕೆಹೊತ್ತವನನ್ನು ಬೆನ್ನಿನ ಮಾಂಸಕ್ಕೆ ಕಬ್ಬಿಣದ ಕೊಕ್ಕೆ ಚುಚ್ಚಿ ತೂಗಿ ತಿರುಗಿಸುತ್ತಿದ್ದ ಈ ಆಚಾರವು ಭರತಖಂಡದ ಅನೇಕ ಪ್ರಾಂತಗಳಲ್ಲಿ ವ್ಯಾಪಿಸಿತ್ತು. ಬಂಗಾಳದ ಸರ್ಕಾರವು ೧೮೬೫ರಲ್ಲಿ ಇದನ್ನು ನಿಷೇಧಿಸಿತು. ಮದರಾಸು ಪ್ರಾಂತದಲ್ಲಿ ಮಧುರೆಯ ಸಮೀಪದ ಶೋಲವಂದಾನಿನ ಸಿಡಿಯನ್ನು ಕುರಿತು ೧೮೯೦ರ ದಶಕದಲ್ಲಿ ದೀರ್ಘವಾದ ವಾದವಿವಾದಗಳು ನಡೆದವು. ಕೊಕ್ಕೆ ಹೋದರೆ ದೇವಿ ಮುನಿಯುವಳೆಂದು ಅಂಜಿದವರು ಆಗಲೂ ಇದ್ದರು. ಕಾಲಕ್ರಮದಲ್ಲಿ ಎಷ್ಟೋ ಊರುಗಳು ಮನುಷ್ಯನಿಗೆ ಬದಲಾಗಿ ಬೊಂಬೆಯನ್ನು ತೂಗಿದವು. ಕೆಲವೆಡೆ ದೇಹಕ್ಕೆ ಚುಚ್ಚದೆ ಬಟ್ಟೆಯಿಂದ ಕಟ್ಟಿದರು. ದೇವಿ ಮುನಿಯಲಿಲ್ಲ, ಹಬ್ಬವೂ ನಿಲ್ಲಲಿಲ್ಲ. ಮಳವಳ್ಳಿಯಲ್ಲಿ ದಂಡಿನ ಮಾರಮ್ಮ, ಪಟ್ಟಲದಮ್ಮ ದೇವಿಯರ ಸಿಡಿಹಬ್ಬವು ಇಂದಿಗೂ ಸಮಸ್ತ ಜನಾಂಗದವರನ್ನು ಒಂದುಗೂಡಿಸುತ್ತದೆ. ದೇಹಕ್ಕೆ ಕೊಕ್ಕೆ ಚುಚ್ಚಿ ತೂಗುವುದನ್ನು ಕರ್ನಾಟಕದಲ್ಲಿ ೨೦೧೭ರ ಅಧಿನಿಯಮವು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಬಲವಂತದಿಂದ ಕೊಂಡ ಹಾಯಿಸುವುದನ್ನೂ ಅದು ನಿಷೇಧಿಸಿದೆ. ಪ್ರಾಣವನ್ನು ಕಾಪಾಡುವುದಕ್ಕಾಗಿ ಆಚಾರವನ್ನು ತಿದ್ದಿಕೊಳ್ಳುವುದು ಭಕ್ತಿಗೆ ಕುಂದಲ್ಲವೆಂಬುದಕ್ಕೆ ಸಿಡಿಯ ಚರಿತ್ರೆಯೇ ಸಾಕ್ಷಿ.

ಈಗಿನ ಅಪಾಯಗಳಾದರೋ ಬೇರೆ ಬಗೆಯವು. ಪೂರ್ವದಲ್ಲಿ ಜಾತ್ರೆಗೆ ನೆರೆಯುತ್ತಿದ್ದವರಲ್ಲಿ ಸುತ್ತಣ ಹಳ್ಳಿಗಳವರೇ ಹೆಚ್ಚು. ಶಿಂಷೆಯಲ್ಲಿ ಎಲ್ಲಿ ಮಡುವಿದೆ, ಎಲ್ಲಿ ಕಾಲೂರಬಹುದು ಎಂಬುದನ್ನು ಅವರು ಬಾಲ್ಯದಿಂದಲೇ ಬಲ್ಲರು. ಈಗ ದೂರದ ಪಟ್ಟಣಗಳಿಂದ ವಾಹನವೇರಿ ಬರುವವರಿಗೆ ಆ ತಿಳಿವಳಿಕೆಯಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಆಂಜನೇಯನ ದರ್ಶನಕ್ಕೆಂದು ಬಂದು ಕಾವೇರಿಯ ಸುಳಿಗೆ ಸಿಕ್ಕಿ ಅಸುನೀಗಿದವರ ವಾರ್ತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ನದಿಯು ಹಿಂದಿನದೇ, ಬರುವವರು ಹೊಸಬರು.

ಜನಸಂದಣಿ ಹೆಚ್ಚಿದಂತೆ ಅಲ್ಪಕಾರಣವೂ ಮಹಾನರ್ಥಕ್ಕೆ ಎಡೆಗೊಡುತ್ತದೆ. ೨೦೦೫ನೆಯ ಜನವರಿ ೨೫ರಂದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಾಂಢರದೇವಿಯ ಜಾತ್ರೆಯಲ್ಲಿ ಒಡೆದ ತೆಂಗಿನಕಾಯಿಗಳ ನೀರಿನಿಂದ ಮೆಟ್ಟಿಲುಗಳು ಜಾರುವಂತಾಗಿ, ಬಿದ್ದವರ ಮೇಲೆ ಬಿದ್ದು ಸುಮಾರು ೩೦೦ ಮಂದಿ ಮೃತರಾದರು. ಕಾಯಿ ಒಡೆಯುವುದು ದೋಷವಲ್ಲ. ನೀರು ಹರಿದು ಹೋಗಲು ದಾರಿಯಿಲ್ಲದಿದ್ದುದು, ಜನರು ಹಿಂದಿರುಗಲು ಬೇರೆ ಹಾದಿಯಿಲ್ಲದಿದ್ದುದು ದೋಷ.

ಇನ್ನೂ ಸಮೀಪದ ದುಃಖವೆಂದರೆ ಸುಳ್ವಾಡಿಯದು. ಮಳವಳ್ಳಿಯಿಂದ ಕಾವೇರಿಯನ್ನು ದಾಟಿದರೆ ಸಿಗುವ ಚಾಮರಾಜನಗರ ಜಿಲ್ಲೆಯ ಆ ಗ್ರಾಮದಲ್ಲಿ, ೨೦೧೮ನೆಯ ಡಿಸೆಂಬರ್ ೧೪ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಗೋಪುರದ ಶಂಕುಸ್ಥಾಪನೆ ನೆರವೇರಿತು. ಅಂದಿನ ಪ್ರಸಾದದಲ್ಲಿ ಬೆಳೆಗೆ ಸಿಂಪಡಿಸುವ ಕೀಟನಾಶಕವು ಬೆರೆತಿತ್ತು. ೧೭ ಮಂದಿ ಮಡಿದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ರೋಗಿಗಳನ್ನು ಮೈಸೂರಿನವರೆಗೆ ಸಾಗಿಸಬೇಕಾಯಿತು. ಪ್ರಸಾದವನ್ನು ಶಂಕಿಸುವುದು ಭಕ್ತನ ಸ್ವಭಾವವಲ್ಲ. ಆದಕಾರಣವೇ ಅಡುಗೆಯ ಮನೆಯನ್ನು ಕಾಯುವುದು ಉತ್ಸವವನ್ನು ನಡೆಸುವವರ ಪ್ರಥಮ ಕರ್ತವ್ಯವಾಗುತ್ತದೆ.

ಈ ದೃಷ್ಟಾಂತಗಳಿಂದ ತಿಳಿಯುವುದಿಷ್ಟೆ: ಪೂರ್ವಿಕರ ಹೊಣೆಯ ಹಂಚಿಕೆಯನ್ನು ಕೈಬಿಡಬೇಕಾಗಿಲ್ಲ, ವಿಸ್ತರಿಸಬೇಕಾಗಿದೆ. ಬೆಂಕಿಗೂ ಗಾಲಿಗೂ ಹೊಣೆಗಾರರಿದ್ದಂತೆ ನೀರಿಗೆ, ಅನ್ನಕ್ಕೆ, ಹಾದಿಗೆ, ವಿದ್ಯುತ್ತಿನ ತಂತಿಗೆ ಇಂಥವರೆಂದು ಹೆಸರು ಹಿಡಿದು ನೇಮಿಸಬೇಕು. ಸಮೀಪದ ವೈದ್ಯರಿಗೆ ಮುಂಚಿತವಾಗಿ ತಿಳಿಸಿರಬೇಕು. ಸ್ವಯಂಸೇವಕರಾಗಿ ನಿಲ್ಲುವ ತರುಣರನ್ನು ಹಗಲಿರುಳು ದುಡಿಸಿ ಅನ್ನವಿಶ್ರಾಂತಿಗಳಿಲ್ಲದಂತೆ ಮಾಡುವುದು ಅಧರ್ಮ. ಬಳಲಿದ ಕೈಯಲ್ಲಿ ತೇರಿನ ಹಗ್ಗವೂ ಸಡಿಲುವುದು. ಅವರೂ ಒಂದು ಮನೆಯ ಮಕ್ಕಳೇ.

ಜಾತ್ರೆಗೆ ಬಂದವನು ಊರಿನ ಅತಿಥಿ. ಅವನನ್ನು ದೇವಿಯ ಮುಂದೆ ನಿಲ್ಲಿಸಿದ ಮಾತ್ರಕ್ಕೆ ಆತಿಥ್ಯವು ಪೂರ್ಣವಾಗದು. ಅವನು ಕ್ಷೇಮವಾಗಿ ತನ್ನ ಮನೆಯ ಹೊಸ್ತಿಲನ್ನು ತುಳಿದಾಗಲೇ ಉತ್ಸವವು ಸಾಂಗವಾಯಿತೆಂದು ಊರಿನವರು ತಿಳಿಯತಕ್ಕದ್ದು.