ದುಂಡು ಚರ್ಚು, ದುಂಡು ಚೈತ್ಯ

ಚರ್ಚ್ ಎಂದೊಡನೆ ನಮಗೆ ನೆನಪಾಗುವುದು ಉದ್ದನೆಯ ಹಜಾರ, ಸಾಲು ಬೆಂಚು, ತುದಿಯಲ್ಲೊಂದು ಬಲಿಪೀಠ. ಆದರೆ ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲಿ ದುಂಡಗಿನ ಚರ್ಚುಗಳೂ ಇದ್ದವು. ಅವುಗಳ ಬಗ್ಗೆ ಓದುವಾಗ ನನಗೆ ಅರ್ಥದ ದಾರಿ ತೋರಿಸಿದ್ದು ನಾನಿರುವ ಸಾಸವಡ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇಲ್ಲಿದೆ. ಸಮಾಧಿಗೆ ಬಂದವರು ಕೈಮುಗಿದು ಸುಮ್ಮನೆ ಹೋಗುವುದಿಲ್ಲ, ಒಂದು ಸುತ್ತು ಬರುತ್ತಾರೆ. ದುಂಡು ಚರ್ಚಿನ ಮೂಲವೂ ಸಮಾಧಿಯೇ.

ರೋಮನ್ ಶ್ರೀಮಂತರು ತಮ್ಮವರಿಗೆ ದುಂಡನೆಯ ಗೋರಿಮಂದಿರ ಕಟ್ಟಿಸುತ್ತಿದ್ದರು. 4ನೇ ಶತಮಾನದಲ್ಲಿ ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಸುತ್ತಲೂ ಅಂಥದೇ ವೃತ್ತಾಕಾರದ ಕಟ್ಟಡ ಎದ್ದಿತು. ಅದೇ ಶತಮಾನದಲ್ಲಿ ರೋಮಿನಲ್ಲಿ ಕಟ್ಟಿದ್ದು ಸಾಂತಾ ಕೊಸ್ತಾನ್ಜಾ. ಇದು ಚಕ್ರವರ್ತಿ ಕಾನ್‌ಸ್ಟಂಟೈನನ ಮಗಳು ಕಾನ್‌ಸ್ಟಂಟೀನಾಳ ಸಮಾಧಿ. ಆಕೆ ತೀರಿಕೊಂಡದ್ದು 354ರಲ್ಲಿ. ನಡುವೆ ಗುಮ್ಮಟ, ಅದನ್ನು ಹೊತ್ತ 12 ಜೋಡಿ ಕಂಬ, ಅದರಾಚೆ ಸುತ್ತು ಬರಲು ಕಮಾನು ಛಾವಣಿಯ ಓಣಿ. ಛಾವಣಿಯ ಮೊಸಾಯಿಕ್‌ನಲ್ಲಿ ದ್ರಾಕ್ಷಿ ಬಳ್ಳಿ, ಹಕ್ಕಿಗಳು, ಗೊನೆ ಕೀಳುವ ಹುಡುಗರು, ದ್ರಾಕ್ಷಿ ಹೊತ್ತ ಎತ್ತಿನ ಗಾಡಿ! ದ್ರಾಕ್ಷಿ ಕ್ರೈಸ್ತರಿಗೆ ಪವಿತ್ರ ಸಂಕೇತ. ಆದರೆ ಅದಕ್ಕೂ ಮೊದಲು ಅದು ಮದ್ಯದ ದೇವತೆ ಬ್ಯಾಕಸ್‌ನದು. ಹಾಗಾಗಿ ಬಹುಕಾಲ ಜನ ಇದನ್ನು ಬ್ಯಾಕಸ್‌ನ ಗುಡಿ ಎಂದೇ ಕರೆದರು. 1254ರಲ್ಲಿ ಇದು ಚರ್ಚಾಗಿ ಪ್ರತಿಷ್ಠಾಪನೆಯಾಯಿತು. ಗುಮ್ಮಟದ ಚಿತ್ರಗಳು 1620ರಲ್ಲಿ ದುರಸ್ತಿಯ ಹೆಸರಿನಲ್ಲಿ ನಾಶವಾದವು.

ಇನ್ನು ನಮ್ಮ ಪುಣೆ ಜಿಲ್ಲೆಗೆ ಬನ್ನಿ. ಜುನ್ನರಿನ ಸಮೀಪದ ತುಳಜಾ ಲೇಣಿಯಲ್ಲಿ, ಸಾಂತಾ ಕೊಸ್ತಾನ್ಜಾಕ್ಕಿಂತ ಸುಮಾರು 400 ವರ್ಷ ಮೊದಲು, ಬೌದ್ಧರು ಬಂಡೆಯನ್ನೇ ಕೊರೆದು ದುಂಡು ಚೈತ್ಯ ಮಾಡಿದರು. ನಡುವೆ ಸ್ತೂಪ, ಮೇಲೆ ಗುಮ್ಮಟ, ಸುತ್ತ ಎಂಟು ಮುಖದ 12 ಕಂಬ, ಅದರಾಚೆ ಪ್ರದಕ್ಷಿಣಾ ಪಥ. ಜುನ್ನರಿನ ಬೇರೆ ಗುಹೆಗಳಲ್ಲಿ ಯವನರು ದಾನ ಕೊಟ್ಟ ಶಾಸನಗಳೂ ಇವೆ. ಆದರೂ ಇಲ್ಲಿಂದ ಅಲ್ಲಿಗೆ ನಕಲು ಹೋಯಿತು ಎನ್ನಲು ಆಧಾರವಿಲ್ಲ. ಪೂಜ್ಯವಾದದ್ದು ನಡುವೆ, ಭಕ್ತರು ಸುತ್ತಲೂ ಎಂಬ ಒಂದೇ ಅಗತ್ಯ ಎರಡೂ ಕಡೆ ಒಂದೇ ಆಕಾರ ಪಡೆಯಿತು ಎನ್ನಬಹುದು.

ಹಾಗಾದರೆ ದುಂಡು ಚರ್ಚುಗಳು ವಿರಳವಾದದ್ದೇಕೆ? ನೂರಾರು ಜನ ಒಟ್ಟಿಗೆ ಬಲಿಪೀಠದತ್ತ ಮುಖಮಾಡಿ ಪೂಜೆಯಲ್ಲಿ ಪಾಲ್ಗೊಳ್ಳಲು ಉದ್ದನೆಯ ಹಜಾರವೇ ಅನುಕೂಲ. ವೃತ್ತಕ್ಕೆ 'ಮುಂದೆ' ಎಂಬುದೇ ಇಲ್ಲವಲ್ಲ! ಇಲ್ಲೂ ಹಾಗೆಯೇ: ಕಾರ್ಲೆ, ಭಾಜೆಗಳ ಉದ್ದನೆಯ ಚೈತ್ಯಗಳ ಮಾದರಿಯೇ ಹೆಚ್ಚು ಬಳಕೆಯಲ್ಲಿತ್ತು.

ಕಾನ್‌ಸ್ಟಂಟೀನಾಳ ಕಥೆ ನಮ್ಮ ವೇದಿಕೆಯ ಸೋದರಿಯರು ಗಮನಿಸಬೇಕಾದದ್ದು. ಅದೇ ಶತಮಾನದ ಇತಿಹಾಸಕಾರ ಅಮ್ಮಿಯಾನಸ್ ಆಕೆಯನ್ನು ರಕ್ತದಾಹಿ ಎಂದು ಬರೆದ. ಮುಂದಿನ ದಂತಕಥೆಗಳು ಆಕೆಯನ್ನು ಸಂತಳಾಗಿಸಿದವು. ರಾಕ್ಷಸಿ, ಇಲ್ಲವೇ ದೇವತೆ. ನಡುವಿನ ಹೆಣ್ಣು ಎಲ್ಲಿ ಹೋದಳು? ಸಂತ ಆಗ್ನೆಸ್‌ಳ ಸಮಾಧಿಯ ಬಳಿ ದೊಡ್ಡ ಚರ್ಚನ್ನು ಕಟ್ಟಿಸಿದವಳು ಆಕೆಯೇ. ಅದರ ಪಾಳುಗೋಡೆಗಳ ಪಕ್ಕದಲ್ಲೇ ಆಕೆಯ ದುಂಡು ಮಂದಿರ ಇಂದಿಗೂ ಗಟ್ಟಿಯಾಗಿ ನಿಂತಿದೆ. ಶಿವನೇರಿ ನೋಡಲು ಜುನ್ನರಿಗೆ ಹೋದಾಗ ತುಳಜಾ ಲೇಣಿಗೂ ಹೋಗಿಬನ್ನಿ. ಆ 12 ಕಂಬಗಳನ್ನು ಸುತ್ತುವಾಗ ದೂರದ ರೋಮಿನ ಈ ಹೆಣ್ಣುಮಗಳನ್ನೂ ಒಮ್ಮೆ ನೆನೆಯಿರಿ.