ಪಿತ್ತದ ದಾರಿ ಕಟ್ಟಿದರೆ ರಕ್ತ ಯಾಕೆ ನಿಲ್ಲೋದಿಲ್ಲ?

ಇವತ್ತು ಪಿತ್ತದ ವಿಷಯ. ನೆತ್ತಿಗೇರುತ್ತೆ ಅಂತೀವಲ್ಲ, ಆ ಪಿತ್ತ ಅಲ್ಲ. ಲಿವರ್ ತಯಾರಿಸಿ ಕರುಳಿಗೆ ಕಳಿಸುವ ಹಸಿರು-ಹಳದಿ ರಸ.

ಕಾಮಾಲೆ ಅಂದ ಕೂಡಲೇ ನಾವು ನೋಡೋದು ಕಣ್ಣಿನ ಹಳದಿಯನ್ನ. ಆದರೆ ನೂರು ವರ್ಷದ ಹಿಂದೆ ಸರ್ಜನ್‌ಗಳು ಹೆದರುತ್ತಿದ್ದದ್ದು ರಕ್ತಸ್ರಾವಕ್ಕೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡ ರೋಗಿ. ಆಪರೇಷನ್ ಸರಿಯಾಗಿಯೇ ಆಗಿರುತ್ತಿತ್ತು, ಕಲ್ಲೂ ಹೊರಗೆ ಬಂದಿರುತ್ತಿತ್ತು. ಕೆಲವು ದಿನ ಕಳೆದ ಮೇಲೆ ಗಾಯದಿಂದ ರಕ್ತ ಜಿನುಗಲು ಶುರು. ಎಷ್ಟೋ ಜನ ಹಾಗೇ ತೀರಿಕೊಂಡರು.

ಇದಕ್ಕೆ ಸುಳಿವು ಸಿಕ್ಕಿದ್ದು ಕೋಳಿಮರಿಗಳಿಂದ! 1929ರ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ, ಕೊಲೆಸ್ಟರಾಲ್ ಬಗ್ಗೆ ತಿಳಿಯಲು ಮರಿಗಳಿಗೆ ಕೊಬ್ಬು ತೆಗೆದ ಆಹಾರ ಕೊಡುತ್ತಿದ್ದರು. ಕೆಲವು ಮರಿಗಳ ಚರ್ಮದಡಿಯಲ್ಲಿ ರಕ್ತ ಸೋರಿತು. ಕೊಲೆಸ್ಟರಾಲ್ ಸೇರಿಸಿ ಕೊಟ್ಟರೂ ನಿಲ್ಲಲಿಲ್ಲ. ಅದನ್ನು ತಡೆದದ್ದು ಹಸಿರೆಲೆಯಲ್ಲಿ, ಹಂದಿಯ ಲಿವರಿನಲ್ಲಿ ಇದ್ದ ಒಂದು ಅಂಶ. 1935ರಲ್ಲಿ ಅದಕ್ಕೆ ‘ವಿಟಮಿನ್ ಕೆ’ ಎಂದು ಹೆಸರಾಯಿತು. ರಕ್ತ ಹೆಪ್ಪುಗಟ್ಟೋದಕ್ಕೆ ಬೇಕಾದ ಪ್ರೋಥ್ರಾಂಬಿನ್ ತಯಾರಿಸಲು ಲಿವರಿಗೆ ಈ ವಿಟಮಿನ್ ಬೇಕೇ ಬೇಕು.

ಸರಿ, ಮರಿಗಳ ಆಹಾರದಲ್ಲೇ ಅದು ಇರಲಿಲ್ಲ. ಆದರೆ ಕಾಮಾಲೆಯ ರೋಗಿಗಳು ಸೊಪ್ಪು ತಿನ್ನುತ್ತಿದ್ದರಲ್ಲ?

ತಿನ್ನುತ್ತಿದ್ದರು, ಮೈಗೆ ಹತ್ತುತ್ತಿರಲಿಲ್ಲ. ವಿಟಮಿನ್ ಕೆ ಕೊಬ್ಬಿನಲ್ಲಿ ಕರಗುವಂಥದ್ದು. ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಕರುಳು ಹೀರಿಕೊಳ್ಳುವಂತೆ ಮಾಡೋದು ಪಿತ್ತ. ಪಿತ್ತದ ದಾರಿ ಮುಚ್ಚಿದರೆ ತಿಂದ ವಿಟಮಿನ್ ಮಲದ ಜೊತೆ ಹೊರಗೆ ಹೋಗುತ್ತೆ. ದೇಹದಲ್ಲಿ ಅದರ ದಾಸ್ತಾನೂ ಕಡಿಮೆ.

1938ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಮತ್ತು ಅಯೋವಾದ ವೈದ್ಯರು ಇಂಥ ರೋಗಿಗಳಿಗೆ ವಿಟಮಿನ್ ಕೆ ಜೊತೆಗೆ ಪಿತ್ತವನ್ನೂ ಕೊಟ್ಟರು. ರಕ್ತ ಹೆಪ್ಪುಗಟ್ಟತೊಡಗಿತು. 1943ರ ನೊಬೆಲ್ ಡಾಮ್ ಅವರಿಗೂ, ಈ ವಿಟಮಿನ್ನಿನ ರಾಸಾಯನಿಕ ಸ್ವರೂಪ ಕಂಡುಹಿಡಿದ ಎಡ್ವರ್ಡ್ ಡಾಯ್ಸಿ ಅವರಿಗೂ ಸಂದಿತು.

ಇಂದು ಕಾಮಾಲೆ ರೋಗಿಯ ರಿಪೋರ್ಟಿನಲ್ಲಿ ‘ಪಿಟಿ-ಐಎನ್‌ಆರ್’ ಅಂತ ಕಾಣುತ್ತಲ್ಲ, ಅದು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನೋ ಲೆಕ್ಕ. ಅದು ಹೆಚ್ಚಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಇಂಜೆಕ್ಷನ್ನಿಗೆ ಕರುಳಿನ ಹಂಗಿಲ್ಲ. ಅದರಿಂದ ಸರಿಹೋದರೆ ತೊಂದರೆ ಪಿತ್ತದ ಹರಿವಿನದ್ದು; ಹೋಗದಿದ್ದರೆ ಲಿವರೇ ಸೋತಿರಬಹುದು.

ಮುಂಬೈಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಕಾಮಾಲೆ ಅಂದರೆ ನಮ್ಮವರು ಊರಿನ ಸೊಪ್ಪಿನ ಔಷಧಿ ತರಿಸಿ ಪಥ್ಯ ಹಿಡೀತಾರೆ. ಕಣ್ಣು ಹಳದಿ, ಮಲ ಬಿಳಿಚಿದೆ, ಮೂತ್ರ ಕಡುಬಣ್ಣ, ಮೈಯೆಲ್ಲ ತುರಿಕೆ ಅಂದರೆ ದಾರಿ ಕಟ್ಟಿರಬಹುದು. ಎಣ್ಣೆ ಬಿಟ್ಟ ಮಾತ್ರಕ್ಕೆ ಸಿಕ್ಕಿಕೊಂಡ ಕಲ್ಲು ಸರಿಯೋದಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ.