ಗಂಧದ ಪೆಟ್ಟಿಗೆಯಿಂದ ಗಂಧದ ಪೆನ್ನಿನವರೆಗೆ

ಜಿಲ್ಲೆಯಲ್ಲಿ ಕುಳಿತು ಸುದ್ದಿ ಕಳಿಸುವ ನಮ್ಮಂಥವರ ಬಳಿ ಸನ್ಮಾನ ಸಮಾರಂಭಕ್ಕೆಂದೇ ಒಂದು ಸಿದ್ಧ ವಾಕ್ಯ ಇರುತ್ತದೆ. ‘ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಹಾಗೂ ಸ್ಮರಣಿಕೆ ನೀಡಿ ಗೌರವಿಸಲಾಯಿತು.’ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಆ ಸ್ಮರಣಿಕೆ ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು ಎಂದು ನಾವು ಬರೆಯುವುದಿಲ್ಲ. ಬರೆದರೂ ಡೆಸ್ಕಿನಲ್ಲಿ ಕತ್ತರಿ ಬೀಳುತ್ತದೆ. ಆದರೆ ಸೊರಬ, ಸಾಗರ, ಸಿರಸಿ, ಕುಮಟಾ, ಹೊನ್ನಾವರದ ಕಡೆ ಅನೇಕ ಮನೆಗಳ ಒಲೆ ಉರಿದದ್ದೇ ಈ ಸ್ಮರಣಿಕೆಯ ಬಲದಿಂದ. ಅವು ಗುಡಿಗಾರರ ಮನೆಗಳು.

ಗುಡಿ ಕಟ್ಟುವವರು, ಗುಡಿಯ ಕೆಲಸ ಮಾಡುವವರು ಗುಡಿಗಾರರು. ಪೋರ್ಚುಗೀಸರ ಕಾಲದಲ್ಲಿ ಮತಾಂತರಕ್ಕೆ ಅಂಜಿ ಗೋವೆಯಿಂದ ಘಟ್ಟದ ಕಡೆ ಬಂದವರು ಎಂಬ ಮಾತು ಹಳೆಯ ಗೆಜೆಟಿಯರುಗಳಲ್ಲೂ ಇದೆ, ಮನೆಯ ಹಿರಿಯರ ಬಾಯಲ್ಲೂ ಇದೆ. ಅವರು ಬರೀ ಮರ ಕೆತ್ತುವವರಾಗಿರಲಿಲ್ಲ. ಮದುವೆಗೆ ಬೆಂಡಿನ ಬಾಸಿಂಗ ಮಾಡುತ್ತಿದ್ದರು, ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ತೇರಿಗೂ ಬಾಗಿಲಿಗೂ ಉಳಿ ಹಿಡಿಯುತ್ತಿದ್ದರು. ಇಂದಿಗೂ ಚೌತಿಯ ಹಿಂದಿನ ತಿಂಗಳು ಗುಡಿಗಾರರ ಜಗಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹಾಗಿದ್ದರೆ ದೇವರ ಕೆಲಸದ ಈ ಕೈಗೆ ಸಾಹೇಬರ ಮೇಜಿನ ಸಾಮಾನು ಬಂದದ್ದು ಹೇಗೆ? ಬ್ರಿಟಿಷರ ಕಾಲದ ಒಂದು ಪದ್ಧತಿಯಿಂದ. ವೈಸರಾಯ್ ಬಂದರೂ, ಮಹಾರಾಜರು ಬಂದರೂ, ದಿವಾನರು ಬಂದರೂ ಊರಿನ ಪರವಾಗಿ ಬಿನ್ನವತ್ತಳೆ ಓದಬೇಕಿತ್ತು. ಓದಿದ ಕಾಗದವನ್ನು ಬರಿಗೈಯಲ್ಲಿ ಕೊಡುವಂತಿಲ್ಲ. ಸುರುಳಿ ಸುತ್ತಿ ಒಂದು ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಬೇಕು. ಬೇರೆ ಕಡೆ ಬೆಳ್ಳಿಯ ಕರಂಡಕ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಳ್ಳಿಗಿಂತ ತನ್ನದೇ ಎನ್ನುವ ವಸ್ತು ಇತ್ತು, ಅದು ಶ್ರೀಗಂಧ. ಪೆಟ್ಟಿಗೆಯ ಹಿಂದೆಯೇ ಪತ್ರ ಕತ್ತರಿಸುವ ಚೂರಿ, ಪೆನ್ನಿನ ತಟ್ಟೆ, ವಿಸಿಟಿಂಗ್ ಕಾರ್ಡಿನ ಡಬ್ಬಿ, ಆಲ್ಬಮ್ಮಿನ ರಟ್ಟು, ಫೋಟೋ ಚೌಕಟ್ಟು ಎಲ್ಲಾ ಬಂದವು. ಇವುಗಳಲ್ಲಿ ಒಂದೂ ನಮ್ಮ ಹಳ್ಳಿಮನೆಯ ವಸ್ತುವಲ್ಲ. ಮೇಲೆ ಕೆತ್ತಿದ ಬಳ್ಳಿ, ಹಂಸ, ದಶಾವತಾರ ಮಾತ್ರ ಗುಡಿಯಿಂದ ಬಂದವು. ‘ಶತಮಾನಗಳ ಪರಂಪರೆಯ ಗಂಧದ ಉಡುಗೊರೆ’ ಎಂದು ಅಂಗಡಿಯವರು ಬರೆಯುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ. ಕೈ ಹಳೆಯದು, ವಸ್ತು ಹೊಸದು, ಕೊಳ್ಳುವವರು ಇನ್ನೂ ಹೊಸಬರು.

ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಸೊರಬದ ಗಂಧದ ಕೆತ್ತನೆಯ ಬಗ್ಗೆ ಸಾಕಷ್ಟು ವಿವರ ಕೊಟ್ಟಿದ್ದಾರೆ. ಆ ಕೆಲಸವನ್ನು ಅವರು ಮೆಚ್ಚಿಯೇ ಬರೆದಿದ್ದಾರೆ. 1903ರಲ್ಲಿ ದೆಹಲಿ ದರ್ಬಾರಿನ ಜೊತೆ ನಡೆದ ಕಲಾ ಪ್ರದರ್ಶನಕ್ಕೂ ಇಲ್ಲಿಯ ಗಂಧದ ಕೆಲಸ ಹೋಗಿತ್ತು. ಹೊಗಳಿಕೆಗಿಂತ ನಮಗೆ ಮುಖ್ಯವೆನಿಸಿದ್ದು ಕೆಲಸದ ರೀತಿ. ಮೊದಲು ಮರವನ್ನು ತೋಪಡ ಹೊಡೆದು ನುಣುಪು ಮಾಡಬೇಕು. ಮೇಲೆ ಬಿಳಿ ಬಳಿದು ಚಿತ್ರ ಬರೆಯಬೇಕು, ಇಲ್ಲವೇ ಕಾಗದದಲ್ಲಿ ಬರೆದ ಚಿತ್ರವನ್ನು ಅಂಟಿಸಬೇಕು. ಗೆರೆಯ ಗುಂಟ ಉಳಿ ಹೋದ ಮೇಲೆ ನಡುವಿನ ಮರವನ್ನು ತೆಗೆಯುತ್ತಾ ಬರಬೇಕು. ಗರಗಸ, ಕೊಡತಿ, ತೋಪಡ ಬಡಗಿಯವೇ. ಉಳಿಗಳು ಮಾತ್ರ ಬೇರೆ. ಕೆಲವು ದಬ್ಬಳದಷ್ಟು ಸಣ್ಣವು.

ಈ ಕೆಲಸಕ್ಕೆ ಗಂಧವೇ ಏಕೆ ಎಂದರೆ ಬರೀ ವಾಸನೆಗಾಗಿ ಅಲ್ಲ. ಗಂಧದ ಚೇಗು ಬಿಗಿ ನಾರಿನದು, ಎಣ್ಣೆಯ ಅಂಶ ಇರುವುದು. ಉಳಿ ಎಲ್ಲಿ ನಿಂತಿತೋ ಅಲ್ಲೇ ಅಂಚು ನಿಲ್ಲುತ್ತದೆ, ಸಿಬಿರು ಏಳುವುದಿಲ್ಲ. ಅಕ್ಕಿಕಾಳಿನಷ್ಟು ಎಲೆಯನ್ನೂ ತೆಗೆಯಬಹುದು. ಆದರೆ ಗಂಧದ ಮರ ದಪ್ಪ ಆಗುವುದಿಲ್ಲ. ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದುಕೊಂಡು ನಿಧಾನಕ್ಕೆ ಬೆಳೆಯುವ ಅರೆ ಪರಾವಲಂಬಿ ಅದು. ಚೇಗು ಕಟ್ಟಲು ಶುರುವಾಗುವುದಕ್ಕೇ ಹತ್ತು ಹದಿನೈದು ವರ್ಷ ಬೇಕು, ಒಳ್ಳೆಯ ಚೇಗಿಗೆ ಮೂವತ್ತು ದಾಟಬೇಕು. ಅಗಲವಾದ ಹಲಗೆ ಸಿಗುವುದೇ ಇಲ್ಲ. ದೊಡ್ಡ ಪೆಟ್ಟಿಗೆ ಎಂದರೆ ಸಣ್ಣ ಸಣ್ಣ ಹಲಗೆಗಳ ಜೋಡಣೆ. ಕೆತ್ತುವಾಗ ಬಿದ್ದ ಚಕ್ಕೆಗೂ ಪುಡಿಗೂ ಬೆಲೆ ಇದೆ, ಅಗರಬತ್ತಿಯವರು ಒಯ್ಯುತ್ತಾರೆ. ಗುಡಿಗಾರರ ಮನೆಯಲ್ಲಿ ಕಸ ಗುಡಿಸುವಾಗಲೂ ಲೆಕ್ಕ.

ಕೊಡುವವರ ಕೈಯಲ್ಲಿ ನಿಂತ ಕಸುಬಿಗೆ ಬೇಡ ಎನ್ನುವವರೂ ಸಿಕ್ಕರು. ಗಾಂಧೀಜಿಯವರಿಗೆ ಹೋದಲ್ಲೆಲ್ಲಾ ಬಿನ್ನವತ್ತಳೆ, ಅದರೊಂದಿಗೆ ಪೆಟ್ಟಿಗೆ. ಬೆಲೆಬಾಳುವ ಪೆಟ್ಟಿಗೆಗೆ ದುಡ್ಡು ಹಾಕಬೇಡಿ, ಅದನ್ನು ನಿಧಿಗೆ ಕೊಡಿ ಎಂದು ಅವರು ಹೇಳುತ್ತಲೇ ಇದ್ದರು. ಆದರೂ ಕೊಟ್ಟರೆ ವೇದಿಕೆಯಲ್ಲೇ ಹರಾಜು ಹಾಕಿ ಬಂದ ಹಣವನ್ನು ನಿಧಿಗೆ ಸೇರಿಸುತ್ತಿದ್ದರು. 1934ರ ಹರಿಜನ ಪ್ರವಾಸದಲ್ಲಿ ಉತ್ತರ ಕನ್ನಡಕ್ಕೂ ಬಂದಿದ್ದ ಅವರು ಆ ಪ್ರವಾಸದ ಉದ್ದಕ್ಕೂ ಹೀಗೇ ಮಾಡಿದರು. ಕೆತ್ತಿದವನ ಕಡೆಯಿಂದ ನೋಡಿದರೆ ನಷ್ಟವೇನೂ ಇಲ್ಲ, ಅವನ ಕೂಲಿ ಅಷ್ಟರಲ್ಲಿ ಸಂದಿರುತ್ತಿತ್ತು. ಆದರೆ ದರ್ಬಾರಿನ ಉಡುಗೊರೆಗೆ ಇದ್ದ ಗತ್ತು ಅಲ್ಲಿಂದ ಸ್ವಲ್ಪ ಇಳಿಯಿತು ಎಂದು ನಮಗನಿಸುತ್ತದೆ. ಸ್ವಾತಂತ್ರ್ಯದ ನಂತರ ಸಚಿವರು ಬಂದರು, ಗತ್ತು ಮತ್ತೆ ಏರಿತು.

ನಿಜವಾದ ಹೊಡೆತ ಬಂದದ್ದು ಮರದ ಕಡೆಯಿಂದ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷ ಎಂದು ಸಾರಿದ ಮೇಲೆ ಮರ ಸರ್ಕಾರದ್ದಾಯಿತು. ಅರಸರು ಹೋದರು, ಕಮಿಷನರು ಹೋದರು, ಆ ಕಾನೂನು ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಉಳಿಯಿತು. ರೈತನ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಗಿಡವೂ ಅವನದಲ್ಲ. ಕಳುವಾದರೆ ಉತ್ತರ ಹೇಳಬೇಕಾದವನು ಮಾತ್ರ ಅವನೇ. ಮಲೆನಾಡಿನಲ್ಲಿ ಗಂಧದ ಸಸಿ ಕಂಡರೆ ಬೆಳೆಯುವ ಮೊದಲೇ ಕಿತ್ತೆಸೆಯುತ್ತಿದ್ದ ಯಜಮಾನರ ಕತೆ ನಮ್ಮಲ್ಲಿ ಯಾರ ಮನೆಯಲ್ಲಿ ಕೇಳಿದರೂ ಸಿಗುತ್ತದೆ. ಮರವನ್ನು ಕಾಯಲು ಮಾಡಿದ ಕಾನೂನಿಗೆ ಮರ ಬೆಳೆಸುವವರೇ ಹೆದರಿದರು.

ಇನ್ನೊಂದು ಕಡೆ ಎಣ್ಣೆ. ಮೊದಲ ಮಹಾಯುದ್ಧ ಶುರುವಾಗಿ ಯುರೋಪಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತಾಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯಲು ಹೊರಟಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಬಂತು. 1944ರಲ್ಲಿ ಶಿವಮೊಗ್ಗದಲ್ಲೂ ಬಂತು, ಅಂದರೆ ಗುಡಿಗಾರರ ಬಾಗಿಲಿಗೇ. ಗಂಧದ ಸಾಬೂನು ಮೈಸೂರಿನ ಹೆಸರನ್ನು ಊರೂರಿಗೆ ಒಯ್ದಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆತ್ತುವವನಿಗೂ ಬಟ್ಟಿ ಇಳಿಸುವವನಿಗೂ ಬೇಕಾದದ್ದು ಅದೇ ಚೇಗು. ಸ್ಪೈಕ್ ರೋಗ ಒಂದು ಕಡೆಯಿಂದ ತಿಂದಿತು, ಕಳ್ಳಸಾಗಣೆ ಇನ್ನೊಂದು ಕಡೆಯಿಂದ. ಕಾಡಿನಲ್ಲಿ ಮರ ಕಮ್ಮಿಯಾಗುತ್ತಾ ಬಂದಂತೆ ಕುಶಲಕರ್ಮಿಗಳ ಪಾಲೂ ಕಮ್ಮಿಯಾಯಿತು, ಬೆಲೆ ಏರಿತು.

ಮರ ಕಿರಿದಾದಂತೆ ಉಡುಗೊರೆಯೂ ಕಿರಿದಾಯಿತು. ಮೊದಲು ಬಿನ್ನವತ್ತಳೆಯ ಪೆಟ್ಟಿಗೆ. ಆಮೇಲೆ ಅಂಗೈಯಗಲದ ಆನೆ, ಗಣಪತಿ, ಗೀತೋಪದೇಶ. ಆಮೇಲೆ ತೆಳ್ಳನೆಯ ಗಂಧದ ಹೆರೆಯನ್ನು ಸುತ್ತಿ ಪೋಣಿಸಿದ ಹಾರ. ಹಾರ ನಮಗೆಲ್ಲಾ ಚೆನ್ನಾಗಿ ಪರಿಚಯ. ಮಂತ್ರಿಗಳ ಕೊರಳಿಗೆ ಬಿದ್ದು ಅರೆಗಳಿಗೆಯಲ್ಲಿ ಗನ್‌ಮ್ಯಾನ್ ಕೈ ಸೇರುತ್ತದೆ. ಕೊನೆಗೆ ಪೆನ್ನು. 1964ರಲ್ಲಿ ಶುರುವಾದ ರಾಜ್ಯ ಕರಕುಶಲ ನಿಗಮದ ‘ಕಾವೇರಿ’ ಮಳಿಗೆಗಳಂಥ ಕಡೆ ಪೆನ್ನು, ಪತ್ರದ ಚೂರಿಗಳು ವೆಲ್ವೆಟ್ ಡಬ್ಬಿಯೊಳಗೆ ಕುಳಿತವು.

ಪೆನ್ನನ್ನು ಸಣ್ಣ ಕೆಲಸ ಎಂದು ತಿಳಿಯಬಾರದು. ಗೇಣುದ್ದದ ತುಂಡಿನ ನಡುವೆ ನೇರವಾಗಿ ಬೈರಿಗೆ ಹಾಕಬೇಕು. ನಾರು ಎಲ್ಲಾದರೂ ಓರೆಯಾಗಿದ್ದರೆ ತೂತು ಬದಿಗೆ ಸರಿದು ತುಂಡು ಹಾಳು. ಬಿರಿಯದಂತೆ ಒಳಗೆ ಹಿತ್ತಾಳೆಯ ತೆಳು ಕೊಳವೆ ಕೂರಿಸಿ, ಲೇತಿನಲ್ಲಿ ಕಡೆದು ದುಂಡು ಮಾಡಬೇಕು. ಉಳಿದ ಮರದ ದಪ್ಪ ಒಂದೆರಡು ಕೂದಲೆಳೆ ಹೆಚ್ಚು ಕಡಿಮೆ. ಅದರ ಮೇಲೆ ಬಳ್ಳಿ ಕೆತ್ತಬೇಕು ಎಂದರೆ ಉಳಿಯನ್ನು ಒತ್ತುವುದಲ್ಲ, ತಾಗಿಸುವುದು. ಪೆಟ್ಟಿಗೆಯ ಹಲಗೆ ಮೇಜಿನ ಮೇಲೆ ಅಲುಗದೆ ಮಲಗಿರುತ್ತದೆ, ಪೆನ್ನು ಉರುಳುತ್ತದೆ. ಎಡಗೈಯೇ ಇಕ್ಕಳ. ಇಷ್ಟೆಲ್ಲಾ ಮಾಡಿ ಒಳಗೆ ಹಾಕುವುದು ಹತ್ತು ರೂಪಾಯಿಯ ರಿಫಿಲ್. ಕೊಡುವವರು ಬೆಲೆ ಕೇಳಿ ಹಿಂದೆ ಸರಿಯುವುದೂ ಇಲ್ಲೇ. ‘ಪೆನ್ನಿಗೆ ಇಷ್ಟಾ?’

ಚನ್ನಪಟ್ಟಣದ ಕತೆ ಬೇರೆಯಾದದ್ದು ಮರದ ಕಾರಣದಿಂದ. ಅಲ್ಲಿಯ ಹಾಲೆ ಮರ ಅಗ್ಗ, ಮೆದು, ಅರಗಿನ ಬಣ್ಣ ಹಿಡಿಯುತ್ತದೆ. ಲೇತಿನ ಮೇಲೆ ಗೊಂಬೆಯ ಪಕ್ಕದಲ್ಲೇ ಪೆನ್ನೂ ಕಡೆಯಬಹುದು. ಗಂಧ ಸಿಗದ ಗುಡಿಗಾರರೂ ಶಿವನೆ, ತೇಗ, ಬೀಟೆಯ ಕಡೆ ತಿರುಗಿದ್ದಾರೆ. ಶಿವನೆ ಉಳಿಗೆ ಒಗ್ಗುವ ಮರ, ದೊಡ್ಡ ಹಲಗೆಯೂ ಸಿಗುತ್ತದೆ. ಹಾಗಾಗಿ ದೇವರ ಮಂಟಪ, ಬಾಗಿಲು, ಪಲ್ಲಕ್ಕಿಯ ಕೆಲಸ ಮತ್ತೆ ಬಂದಿದೆ. ಒಂದು ರೀತಿಯಲ್ಲಿ ಸಾಹೇಬರ ಮೇಜಿನಿಂದ ಕೈ ಗುಡಿಗೆ ವಾಪಸಾಗಿದೆ. ಸ್ಮರಣಿಕೆಯ ಜಾಗವನ್ನು ಲೇಸರಿನಲ್ಲಿ ಕೊರೆದ ಪ್ಲೈವುಡ್ಡೂ ಅಕ್ರಿಲಿಕ್ಕೂ ಹಿಡಿದಿವೆ. ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಹೆಸರು ಕಳಿಸಿದರೆ ಸಂಜೆಯ ಕಾರ್ಯಕ್ರಮಕ್ಕೆ ಸಿದ್ಧ. ಅದರ ಜೊತೆ ಉಳಿ ಪೈಪೋಟಿ ಮಾಡಲಾರದು.

2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನಲ್ಲಿರುವ ಗಂಧ ಜಮೀನಿನವನದೇ ಎಂದಾಯಿತು. ಕಡಿಯಲು ಈಗಲೂ ಅನುಮತಿ ಬೇಕು, ಆದರೂ ರೈತರು ನೆಡತೊಡಗಿದರು. ಬಯಲುಸೀಮೆಯಲ್ಲೂ ಗಂಧದ ತೋಟಗಳು ಎದ್ದಿವೆ. ಅಂದು ನೆಟ್ಟ ಗಿಡಗಳಲ್ಲಿ ಈಗ ಚೇಗು ಕಟ್ಟುತ್ತಿರಬೇಕು. ಬೆಳೆಗಾರರ ಸಭೆಗಳಿಗೆ ನಾವು ವರದಿಗೆ ಹೋಗುತ್ತೇವೆ. ಅಲ್ಲಿ ಕಳ್ಳರ ಮಾತು, ಬೇಲಿಯ ಮಾತು, ಎಣ್ಣೆಯ ದರದ ಮಾತು ಬರುತ್ತದೆ. ಕೆತ್ತನೆಗೆ ಎಷ್ಟು ಮರ ಎತ್ತಿಡಬೇಕು ಎಂಬ ಮಾತನ್ನು ಇದುವರೆಗೆ ಯಾರೂ ಎತ್ತಿದ್ದನ್ನು ಕೇಳಿಲ್ಲ. ಮುಂದಿನ ಸಭೆಯಲ್ಲಿ ನಾವೇ ಕೇಳಬೇಕೆಂದಿದ್ದೇವೆ. ಗಂಧದ ಮೇಲೆ ಕೈ ಪಳಗಿದ ಗುಡಿಗಾರರು ಈಗ ಬಹುಪಾಲು ವಯಸ್ಸಾದವರು, ಮನೆಯ ಹುಡುಗರು ಕಲಿಯುತ್ತಿರುವುದು ಶಿವನೆಯ ಮೇಲೆ.